ಮುರಿಯದ ವಿಭೂತಿ

ತಣ್ಣಗೆ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಹಣೆಯ ಮೇಲೆ ತಣ್ಣಗೆ ಓಡಾಡುತ್ತಿದೆ, ಎಡದಿಂದ ಬಲಕ್ಕೆ, ಮತ್ತೆ ಎಡಕ್ಕೆ, ಎತ್ತಿದಾಗ ಹತ್ತಿಯ ತುಂಬ ಬೂದಿ, ಬೆಳಿಗ್ಗೆ ಸ್ನಾನ ಮಾಡಿ ಇಟ್ಟುಕೊಂಡ ವಿಭೂತಿ ಅದು, ನರ್ಸು ಕಾಲಲ್ಲಿ ಮುಚ್ಚಳ ತೆಗೆದು ಕಸದ ಬುಟ್ಟಿಗೆ ಹಾಕಿಬಿಟ್ಟಳು, ವಿಭೂತಿಯನ್ನು ಕಸಕ್ಕೆ ಹಾಕುತ್ತಾರೇನೇ ತಾಯಿ ಎಂದು ಬಾಯಿಗೆ ಬರುವ ಮೊದಲೇ ನನ್ನ ಹುಬ್ಬು ಗಂಟಿಕ್ಕಿತು, ಇದೋ, ಇದೇ, ಈ ಗಂಟು ಬಿಚ್ಚಿಸಿಕೊಳ್ಳುವುದಕ್ಕೇ ತಾನೆ ನಾನು, ಶಿವರಂಜನಿ, ಬಂದು ಕೂತಿರುವುದು, ಕೊಳ್ಳೇಗಾಲದ ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಭಾನುವಾರಕ್ಕೊಮ್ಮೆ ಮೈಸೂರಿನಿಂದ ಬರುವ ಚರ್ಮದ ಡಾಕ್ಟರ ಹತ್ತಿರ, ಹೋಗಿ ಹೋಗಿ ಮುಖಕ್ಕೆ ವಿಷ ಚುಚ್ಚಿಸಿಕೊಳ್ಳುತ್ತೀಯಲ್ಲೇ ಎಂದು ನನ್ನ ಗಂಡ ಶಿವಕುಮಾರಸ್ವಾಮಿ ನಕ್ಕರು, ಸೂಜಿ ಚುಚ್ಚಿದ್ರೆ ಸಿಟ್ಟು ಓಯ್ತದಾ, ಹಂಗಿದ್ರೆ ಎಲ್ಡ್ ಜಾಸ್ತಿನೇ ಆಕ್ಸ್ಕೊಂಡು ಬಾ — ಎರಡು ಹುಬ್ಬಿನ ನಡುವೆ ಎರಡು ಗೀರು, ನೆಟ್ಟಗೆ ನಿಂತ ಗೀರು, ದಿನಾ ವಿಭೂತಿ ಇಟ್ಟ ಗಳಿಗೆಯಲ್ಲೇ ಮೂರು ಗೆರೆಯೂ ಅಲ್ಲಿ ಬಿರುಕು ಬಿಡುತ್ತವೆ, ಅವ್ವನಿಗೂ ಹಾಗೇ, ಅವ್ವನ ಹಣೆಯಲ್ಲಿ ವಿಭೂತಿ ಒಂದು ದಿನವೂ ನೆಟ್ಟಗೆ ನಿಂತದ್ದಿಲ್ಲ, ಒಂದೇ ಒಂದು ದಿನ ಬಿಟ್ಟರೆ — ಬೇಡ, ಈಗ ಅದು ಬೇಡ. ಮರಗಟ್ಟಿಸುವ ಮುಲಾಮು ಹಚ್ಚುತ್ತಿದ್ದಾಳೆ, ಬೆಳ್ಳಗೆ, ಮೂರು ಬೆರಳಲ್ಲಿ ಎಳೆದಳು, ಸ್ವಲ್ಪ ಹೊತ್ತು ಹಿಂಗೇ ಕೂತಿರಿ ಅಮ್ಮ ಅಂದಳು.

ಎರಡು ಥರ ಇದೆ ಅಮ್ಮ, ಡಾಕ್ಟರು ಹೇಳಿದ್ದು, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಹಣೆ ಮೊಟ್ಟೆಯಷ್ಟು ನುಣುಪು, ತನಗೆ ತಾನೇ ಚುಚ್ಚಿಕೊಂಡಿದ್ದಾಳೋ ಏನೋ, ಎರಡೂ ಒಂದೇ ಜಾತಿ ಔಷಧಿ, ಹುಬ್ಬು ಎಳೆಯೋ ಮಾಂಸಖಂಡವನ್ನ ಮಲಗಿಸುತ್ತೆ ಅಷ್ಟೇ, ಒಂದು ನಿಧಾನ, ವಾರ ಹತ್ತು ದಿನ ಹಿಡಿಯುತ್ತೆ, ಚುಚ್ಚಿದ ಕಡೆ ಬಿಟ್ಟು ಕದಲಲ್ಲ, ಇನ್ನೊಂದು ಎರಡು ಮೂರು ದಿನಕ್ಕೇ ಹಿಡಿದುಬಿಡುತ್ತೆ, ಆದರೆ ಸ್ವಲ್ಪ ಹರಡುತ್ತೆ, ಅಪರೂಪಕ್ಕೆ ಒಬ್ಬೊಬ್ಬರಿಗೆ ರೆಪ್ಪೆ ಜೋಲುತ್ತೆ, ಕಣ್ಣು ಅರ್ಧ ಮುಚ್ಚಿದ ಹಾಗೆ, ಅದೂ ಸರಿಹೋಗುತ್ತೆ, ಯೋಚನೆ ಮಾಡಿ ಹೇಳಿ — ಯೋಚನೆ ಮಾಡಿದರೆ ಹುಬ್ಬು ಗಂಟಿಕ್ಕುತ್ತದಲ್ಲ ತಾಯಿ, ಯೋಚಿಸುವುದು ಹೇಗೆ. ಇಳಿದು ಹೋಗುತ್ತಾ ಎಂದು ಕೇಳಿದೆ. ಎಲ್ಲರದೂ ಇಳಿಯುತ್ತೆ ಅಮ್ಮ, ಮೂರು ನಾಲ್ಕು ತಿಂಗಳಿಗೆ ಗೆರೆ ವಾಪಸ್ ಬರುತ್ತೆ. ಬರದೇ ಇದ್ದದ್ದು ಉಂಟಾ. ನಕ್ಕಳು, ಬರದೇ ಇದ್ರೆ ನಮ್ಮ ಹೊಟ್ಟೆಪಾಡು ಹೇಗೆ ನಡೆಯುತ್ತೆ ಅಂದಳು, ನನಗೆ ನಗು ಬರಲಿಲ್ಲ, ಅವ್ವನಿಗೆ ವಾಪಸ್ ಬರಲಿಲ್ಲವಲ್ಲ.

ನಿಧಾನದ್ದೇ ಸಾಕು ಅನ್ನುತ್ತದೆ ಒಳಗೆ ಯಾವುದೋ ಒಂದು, ಆದರೆ ನಾಳೆ ಬಿಟ್ಟು ಮುಂದಿನ ಸೋಮವಾರ ಯಳಂದೂರಿನ ಗಂಡಿನ ಕಡೆಯವರು ಮತ್ತೆ ಬರುತ್ತಾರೆ, ಮಗಳು ಭವ್ಯ ಅಲ್ಲಿ ಮೂಲೆಯ ಕುರ್ಚಿಯಲ್ಲಿ ಕಾಲು ಮೇಲೆ ಹಾಕಿಕೊಂಡು ಮೊಬೈಲು ತಿಕ್ಕುತ್ತಿದ್ದಾಳೆ, ತುಟಿ ಕಚ್ಚಿಕೊಂಡಿದ್ದಾಳೆ, ಆ ಹುಡುಗನಿಗೇ ಬರೆಯುತ್ತಿರಬೇಕು, ಮೆಚ್ಚಿದ್ದಾಳೆ, ಹುಡುಗನೂ ಮೆಚ್ಚಿದ್ದಾನೆ, ನಾನೂ ಮೆಚ್ಚಿದ್ದೆ, ಅದನ್ನು ನನ್ನ ಮುಖಕ್ಕೆ ಯಾರೂ ಹೇಳಲಿಲ್ಲ. ಹೋದ ತಿಂಗಳು ಬಂದಾಗ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟದ್ದೇ ತಡ, ಹುಡುಗನ ತಾಯಿ ಗುರುಬಸಮ್ಮ ತಟ್ಟೆ ಕೆಳಗಿಟ್ಟರು, ಯಾಕವ್ವ, ನಿಮ್ಗೆ ಈ ಸಂಬಂದ ಒಪ್ಗೆ ಇಲ್ವೇನೋ, ಬಂದಾಗ್ನಿಂದ ಮಕ ಗಂಟಾಕಂಡೇ ಇದ್ದೀರಿ, ಬಲವಂತದ ಸಂಬಂದ ನಮ್ಗೂ ಬ್ಯಾಡ ಕಣ್ರವ್ವ — ಅಯ್ಯೋ ಇಲ್ಲ, ನನ್ನ ಮುಖವೇ ಹೀಗೆ ಎಂದೆ, ಹೇಳುವಾಗಲೂ ಅದು ಹಾಗೇ ಇತ್ತಂತೆ, ಮುಖ ನೋಡಿ ಮಣೆ ಹಾಕುವುದು ಕೇಳಿದ್ದೆ, ಇವರು ಮುಖ ನೋಡಿ ತಟ್ಟೆಯನ್ನೇ ಇಟ್ಟರು. ಭವ್ಯ ಒಳಗೆ ಅತ್ತಳು, ನೀನೊಂದ್ಸಲ ನಕ್ಕಿದ್ರೆ ಆಗ್ತಿತ್ತಲ್ಲಮ್ಮ, ನನ್ನ ಮಗಳು ನನ್ನಿಂದ ಅತ್ತಳು. ನಗೋ ಹೆಂಗಸನ್ನ ಅಳೋ ಗಂಡಸನ್ನ ನಂಬಬ್ಯಾಡ ಕಣವ್ವ ಅನ್ನುತ್ತಿದ್ದಳು ಅವ್ವ, ಆಡಿದ ಹಾಗೇ ಬದುಕಿದಳು, ನೆಂಟರು ತುಂಬಿದ ನಡುಮನೆಯಲ್ಲಿ ನಾನು ಎರಡನೇ ಸಲ ಹೋಳಿಗೆಗೆ ಕೈ ಚಾಚಿದರೆ ಆ ಕಡೆಯಿಂದ ಹುಬ್ಬು ಒಂದಿಷ್ಟು ಕೂಡುತ್ತಿತ್ತು, ಅಷ್ಟೇ, ಕೈ ತಾನಾಗಿ ಮಡಿಲಿಗೆ ವಾಪಸು ಬರುತ್ತಿತ್ತು, ಮಾತೇ ಬೇಕಿರಲಿಲ್ಲ ನಮಗೆ.

ಹಣೆ ಕಾಣೆಯಾಗುತ್ತಿದೆ, ಮುಟ್ಟಿದರೆ ಬೆರಳಿಗೆ ಗೊತ್ತು, ಹಣೆಗೆ ಗೊತ್ತಿಲ್ಲ, ಬೇರೆ ಯಾರದೋ ಹಣೆ ಮುಟ್ಟಿದ ಹಾಗೆ, ಹೀಗೇ ಮುಟ್ಟಿದ್ದೆನಲ್ಲ ಅವತ್ತು, ಹನೂರಿನ ಮನೆಗೆ ನಾನು ಬಸ್ಸಿಳಿದು ಓಡುವ ಹೊತ್ತಿಗೆ ಅವ್ವನನ್ನು ಕೂರಿಸಿಬಿಟ್ಟಿದ್ದರು, ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ, ಮಣ್ಣಿಗೂ ಕೂತೇ ಹೋಗುತ್ತೇವೆ, ಗೋಡೆಗೆ ಒರಗಿಸಿ, ಕೊರಳಿಗೆ ಹಾರ, ಅಂಗೈಯಲ್ಲಿ ಲಿಂಗ, ಹಣೆಯ ಅಗಲಕ್ಕೂ ವಿಭೂತಿ, ಮೂರು ಗೆರೆ, ಒಂದು ಕಡೆಯೂ ಮುರಿದಿರಲಿಲ್ಲ — ಗೀರು ಇರಲಿಲ್ಲ. ಎಲ್ಲಿಗೆ ಹೋಯಿತು, ಯಾವಾಗ ಹೋಯಿತು, ಯಾರೂ ನೋಡಿಲ್ಲ, ನುಣ್ಣಗೆ, ಯಾರೋ ಕೈಯಲ್ಲಿ ಒರೆಸಿಬಿಟ್ಟ ಹಾಗೆ, ನಾನು ಬಾಗಿಲಲ್ಲೇ ನಿಂತೆ, ಇದು ಅವ್ವ ಅಲ್ಲ ಅಂದೆ, ಜೋರಾಗಿಯೇ ಅಂದೆನಂತೆ. ಫೋಟೋ ತೆಗೆಯಬೇಕಲ್ಲ, ತಲೆ ಒಂದು ಕಡೆ ವಾಲುತ್ತಿತ್ತು, ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತವಳು ನಾನೇ, ಫೋಟೋದಲ್ಲಿ ನನ್ನ ಬೆರಳು ಕಾಣದ ಹಾಗೆ ಸೆರಗು ಎಳೆದರು. ತಿಥಿಗೆ ದೊಡ್ಡ ಫೋಟೋ ಮಾಡಿಸುವಾಗ ತಮ್ಮ ರುದ್ರಸ್ವಾಮಿ ಅದನ್ನೇ ಆರಿಸಿದ, ಬದುಕಿದ್ದಾಗಿನದು ಎಲ್ಲಾ ಸಿಡುಕ್ಕೊಂಡಿರವೇ ಕಣಕ್ಕ, ಬ್ಯಾಡ, ಇದ್ರಲ್ ನೋಡು ಎಷ್ಟ್ ಸೆಂದಾಗವ್ಳೆ, ಎಷ್ಟ್ ಸಮಾದಾನವಾಗವ್ಳೆ, ಕಣ್ಣೊಂದು ಮುಚ್ಕಂಡದೆ ಅಷ್ಟೇ, ಸ್ಟುಡಿಯೋ ಮಣಿಕಂಠ ಕಂಪ್ಯೂಟ್ರಲ್ಲಿ ಬಿಡಿಸ್ಕೊಡ್ತಾನೆ. ಬಿಡಿಸಿಕೊಟ್ಟ. ಕೊಳ್ಳೇಗಾಲದ ನಮ್ಮ ಮನೆಗೂ ಒಂದು ಪ್ರತಿ ಬಂತು, ನಡುಮನೆಯ ಗೋಡೆಯಲ್ಲಿದೆ, ನಾನು ಅದರ ಎದುರಿಗೆ ಕೂರುವುದಿಲ್ಲ, ಪಕ್ಕಕ್ಕೆ ಕೂರುತ್ತೇನೆ, ಪಕ್ಕಕ್ಕೆ ಕೂತರೂ ನೋಡುತ್ತದೆ.

ನೋಡದೆ ಏನು ಮಾಡೀತು, ಪ್ರತಿ ತರಲು ಹನೂರಿಗೆ ಹೋದಾಗ ಮಣಿಕಂಠ ಗಾಜು ಒರೆಸುತ್ತ ಹೆಮ್ಮೆಯಿಂದಲೇ ಹೇಳಿದ, ಅಜ್ಜಿ ಕಣ್ಬಿಟ್ಟಿರ ಫೋಟೋ ಎಲ್ಲಾದ್ರಲ್ಲೂ ಉಬ್ಬು ಗಂಟಾಕಿರದೇ ಕಣಕ್ಕ, ಈ ಹಣೆಗೆ ಆ ಕಣ್ಣು ಕೂರ್ನೇ ಇಲ್ಲ, ಅದ್ಕೇ ಗಂಟಾಕ್ದೆ ಇರ ನಿಮ್ದೊಂದು ಹಳೇ ಫೋಟೋಲಿ ಕಣ್ಣಷ್ಟೇ ತಕ್ಕಂಡು ಕೂರಿಸ್ದೆ, ತಾಯಿ ಮಗಳು ಒಂದೇ ಅಚ್ಚು, ಯಾರ್ಗೂ ಗೊತ್ತಾಗಕಿಲ್ಲ — ಯಾರಿಗೂ ಗೊತ್ತಾಗಿಲ್ಲ, ನಾನೂ ಹೇಳಿಲ್ಲ, ದಿನಾ ಬೆಳಿಗ್ಗೆ ಹೂ ಇಡುತ್ತೇನೆ, ತಲೆಯೆತ್ತದೆ ಇಡುತ್ತೇನೆ. ಅಮ್ಮ, ಇಲ್ಲಿ ನೋಡಿ, ಡಾಕ್ಟರು ಟ್ಯಾಬ್ ಹಿಡಿದು ಬಂದಿದ್ದಾಳೆ, ಬಂದ ತಕ್ಷಣ ತೆಗೆದಿದ್ದ ನನ್ನ ಫೋಟೋ, ಆಮೇಲೆ ಹೇಗಾಗ್ತೀರಿ ಅಂತ ತೋರಿಸ್ತೀನಿ, ಬೆರಳಲ್ಲಿ ಹಣೆಯ ಮೇಲೆ ಒಂದು ಸಲ ಸವರಿದಳು, ಗೀರು ಹೋಯಿತು, ವಿಭೂತಿಯ ಬಿರುಕು ಕೂಡಿಕೊಂಡಿತು, ಮೂರು ಗೆರೆ ಉದ್ದಕ್ಕೆ, ಮುರಿಯದೆ, ಕೆಳಗೆ ಎರಡು ಕಣ್ಣು. ಭವ್ಯ ಎದ್ದು ಬಂದು ಬಗ್ಗಿದಳು, ಅಮ್ಮಾ, ಮನೇಲಿರೋ ಅಜ್ಜಿ ಫೋಟೋ ಥರಾನೇ ಇದ್ದೀಯ ಕಣೇ, ಡಿಟ್ಟೋ. ಎಷ್ಟು ಖುಷಿ ಅವಳ ದನಿಯಲ್ಲಿ, ಎಷ್ಟು ದಿನವಾಗಿತ್ತು ಆ ದನಿ ಕೇಳಿ, ನಾನು ಟ್ಯಾಬಿನಿಂದ ಮುಖ ತಿರುಗಿಸಿದೆ.

ಎದ್ದು ಹೋಗಿಬಿಡಲೇ, ಮೆಟ್ಟಿಲಿಳಿದರೆ ಸೀರೆ ಅಂಗಡಿ, ರಸ್ತೆ, ಬಿಸಿಲು, ಆದರೆ ಭವ್ಯ ನನ್ನ ಕೈ ಹಿಡಿದುಕೊಂಡಿದ್ದಾಳೆ. ಯಾವುದು ಹಾಕಲಿ ಅಮ್ಮ. ಬೇಗ ಹಿಡಿಯುವುದು, ಸೋಮವಾರದೊಳಗೆ, ಎಂದೆ, ನಾನೇ ಎಂದೆ. ಮುಲಾಮು ಒರೆಸಿದರು, ಒಂದ್ಸಲ ಜೋರಾಗಿ ಹುಬ್ಬು ಗಂಟಿಕ್ಕಿ, ಗುರುತು ಮಾಡ್ಕೊಬೇಕು, ಇಕ್ಕಿದೆ, ಭವ್ಯ ತಟ್ಟನೆ ಕೈ ಬಿಟ್ಟು ನೆಟ್ಟಗೆ ನಿಂತಳು, ಮೊಬೈಲು ಬೆನ್ನ ಹಿಂದೆ ಹೋಯಿತು, ಏನಮ್ಮ, ಏನ್ ಮಾಡ್ದೆ ನಾನು — ಏನಿಲ್ಲ ಮಗಳೇ, ಇನ್ನು ನಿನ್ನನ್ನು ಕರೆಯುವುದು ಯಾವುದರಲ್ಲಿ, ಬೇಡ ಅನ್ನುವುದು ಯಾವುದರಲ್ಲಿ. ನರ್ಸು ಹಿಂದಿನಿಂದ ಬಂದು ಎರಡೂ ಕೈಯಲ್ಲಿ ನನ್ನ ತಲೆ ಹಿಡಿದುಕೊಂಡಳು, ಅಲ್ಲಾಡಬೇಡಿ, ನನಗೆ ಆ ಹಿಡಿತ ಗೊತ್ತು, ಹಾಗೇ ಹಿಡಿದಿದ್ದೆ ನಾನು. ಕಣ್ಣು ಮುಚ್ಚಿ ಅಮ್ಮ. ಮುಚ್ಚಿದೆ. ಇರುವೆ ಕಚ್ಚಿದ ಹಾಗೆ ಒಂದು, ಪಕ್ಕದಲ್ಲಿ ಇನ್ನೊಂದು, ಮತ್ತೊಂದು, ಒರಗಿ ಕೂತಿದ್ದೇನೆ, ತಲೆ ಯಾರದೋ ಕೈಯಲ್ಲಿದೆ, ಹಣೆ ನನ್ನದಲ್ಲ, ಮುಚ್ಚಿದರೆ ಅವ್ವ ಅವತ್ತು ಗೋಡೆಗೆ ಒರಗಿ ಕೂತ ಹಾಗೆ, ಬಿಟ್ಟರೆ ನಡುಮನೆಯ ಫೋಟೋದ ಹಾಗೆ — ಆಯ್ತು ಅಮ್ಮ, ಮುಗೀತು, ಡಾಕ್ಟರು ಕೈಗವಸು ಕಳಚುವ ಸದ್ದು, ಕಣ್ ಬಿಡಮ್ಮ, ಭವ್ಯಳ ದನಿ, ಅಪ್ಪಂಗೆ ಒಂದ್ ಫೋಟೋ ಕಳಿಸ್ತೀನಿ, ಕಣ್ ಬಿಡು — ಬಿಡುತ್ತೇನೆ ಇರು, ಬಿಡುತ್ತೇನೆ, ಇವು ನನ್ನವೇ ಕಣ್ಣು, ಗೋಡೆಯಲ್ಲಿ ಅವ್ವ, ಮೂರು ಗೆರೆ, ಮುರಿಯದೆ, ಅದರ ಕೆಳಗೆ ನನ್ನ ಕಣ್ಣು, ಕಣ್ ಬಿಡಮ್ಮ, ಗೋಡೆಯಲ್ಲಿ ಮೂರು ಗೆರೆ, ಅದರ ಕೆಳಗೆ ನನ್ನ ಕಣ್ಣು, ನನ್ನ ಕಣ್ಣು —