ಮುಳುಗುಮೀನಿಗೆ ಹಳದಿ ದಾರ

ಗಾಳದ ಒಂದು ಸುರುಳಿ ನೈಲಾನ್ ದಾರಕ್ಕೆ ಹೋಟೆಲಿನ ಒಂದು ಊಟದಷ್ಟು ದುಡ್ಡು. ಫ್ಲೋರೋಕಾರ್ಬನ್ ದಾರ ಬೇಕೆಂದರೆ ಮೂರು ಊಟ ಬಿಡಬೇಕು. ಹೆಣೆದ ದಾರಕ್ಕೆ ಐದು. ಗಾಳದ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು. ದುಬಾರಿಯದೇ ಕೊಡಿ ಎಂದು ಬರುವ ಗಿರಾಕಿಯನ್ನು ನಾನು ಮೊದಲು ಕೇಳುವುದು, "ಅದರ ತುದಿಗೆ ಏನು ಕಟ್ತೀರಿ?" ಎಂದು.

ಬಾಸ್ ಮೀನು ಹಿಡಿಯುವವರು ಜೀವಂತ ಹುಳು ಕಟ್ಟುವುದು ಕಡಿಮೆ. ಮರದ್ದೋ ರಬ್ಬರಿನದ್ದೋ ನಕಲಿ ಪ್ರಾಣಿ ಕಟ್ಟುತ್ತಾರೆ. ನೀರಿನ ಮೇಲೆ ಕುಣಿಯುವುದಕ್ಕೆ ನೈಲಾನ್ ಸರಿ, ಅದೂ ತೇಲುತ್ತದೆ. ತಳದಲ್ಲಿ ತೆವಳುವ ರಬ್ಬರ್ ಹುಳುವಿಗೆ ಫ್ಲೋರೋ. ಅದು ಮುಳುಗುತ್ತದೆ, ಮೀನು ಸುಮ್ಮನೆ ಮೂತಿ ತಾಗಿಸಿದರೂ ಬೆರಳಿಗೆ ಗೊತ್ತಾಗುತ್ತದೆ. ದಟ್ಟ ಜೊಂಡಿನ ಮೇಲೆ ಎಳೆಯುವ ರಬ್ಬರ್ ಕಪ್ಪೆಗೆ ಹೆಣೆದ ದಾರ ಬೇಕು, ಜೊಂಡನ್ನೇ ಕೊಯ್ದುಕೊಂಡು ಬರುತ್ತದೆ. ಎಳೆದಾಗ ನೀರೊಳಗೆ ಇಳಿಯುವ ಮರದ ಮೀನೊಂದಿದೆ, ನಾವು ಮುಳುಗುಮೀನು ಅನ್ನುತ್ತೇವೆ. ಅದರ ಹೊಟ್ಟೆಗೆ ಮೂರು ಮುಳ್ಳಿನ ಎರಡು ಸಣ್ಣ ಕೊಕ್ಕೆ. ಅದಕ್ಕೆ ನೈಲಾನೇ ಆಗಬೇಕು. ಮೀನು ಒದ್ದಾಡಿದಾಗ ನೈಲಾನ್ ಹಿಗ್ಗಿ ಸ್ವಲ್ಪ ಬಿಟ್ಟುಕೊಡುತ್ತದೆ. ಹೆಣೆದದ್ದು ಹಿಗ್ಗುವುದೇ ಇಲ್ಲ, ಕೊಕ್ಕೆ ಬಾಯಿ ಹರಿದುಕೊಂಡು ಬರುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವನು ನನ್ನಣ್ಣ.

ಕೆರೆಯ ದೋಣಿಕಟ್ಟೆಯಲ್ಲಿ ಅವನಿಗೆ ಇಪ್ಪತ್ತಾರು ವರ್ಷದ ಕೆಲಸ. ಗಿರಾಕಿಗಳನ್ನು ಮೀನಿರುವ ಕಡೆ ಒಯ್ಯಬೇಕು. ಗಿರಾಕಿಯ ದಾರ ನೀರಿಗೆ ಎಲ್ಲಿ ಇಳಿಯುತ್ತಿದೆ ಎಂದು ನೋಡಿಕೊಂಡು, ಮುಳುಗುಮೀನು ಜೊಂಡಿನ ಅಂಚಿಗೆ ಮೊಳದ ದೂರದಲ್ಲೇ ಸಾಗುವ ಹಾಗೆ ದೋಣಿ ತಿರುಗಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಜೊತೆಯವರು ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು. ಎರಡು ವರ್ಷದಿಂದ ಹದ್ದಿನ ಕಣ್ಣಿನ ನರ ಒಣಗುತ್ತಿದೆ. ಔಷಧಿ ಹಾಕಿದರೆ ನಿಧಾನವಾಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಜೊಂಡು ಕಾಣುತ್ತದೆ, ದಡ ಕಾಣುತ್ತದೆ, ದಾರ ಕಾಣುವುದಿಲ್ಲ. ಹೋದ ತಿಂಗಳು ಮೂವರು ಗಿರಾಕಿಗಳ ಗಾಳ ಜೊಂಡಿಗೆ ಸಿಕ್ಕಿ ಕಿತ್ತುಹೋಯಿತು. ದೂರು ಕಟ್ಟೆಯ ಯಜಮಾನಿಗೆ ಮುಟ್ಟಿತು.

ಯಜಮಾನಿ ಕೆಟ್ಟವರಲ್ಲ. "ಶನಿವಾರ ಗಿರಾಕಿ ಜಾಗದಲ್ಲಿ ನಾನೇ ಕೂರ್ತೀನಿ," ಅಂದರು. "ಒಂದೇ ಒಂದು ಮೀನು ದೋಣಿಯೊಳಗೆ ಬರಲಿ, ಈ ವರ್ಷವೂ ನೀವೇ ಇರಿ. ಬರದಿದ್ದರೆ ದೋಣಿಯ ಬೀಗದ ಕೈ ಕೊಟ್ಟುಬಿಡಿ. ನನ್ನ ಬಾಯಲ್ಲಿ ಬೇರೆ ಮಾತು ಹೇಳಿಸಬೇಡಿ."

ಶುಕ್ರವಾರ ಅಣ್ಣ ಅಂಗಡಿಗೆ ಬಂದಾಗ ಗಲ್ಲಾಪೆಟ್ಟಿಗೆಯ ಮೇಲೆ ಹಳದಿ ಸುರುಳಿ ಇಟ್ಟೆ.

"ಇದೇನೇ, ನಿಂಬೆಹಣ್ಣಿನ ಸಿಪ್ಪೆ ಸುತ್ತಿಟ್ಟಿದೀಯ?"

"ಕಾಣ್ತಿದೆಯಾ?"

"ಕುರುಡನಿಗೂ ಕಾಣುತ್ತೆ." ಅವನೇ ನಕ್ಕ. ನಾನು ನಗಲಿಲ್ಲ.

"ಹೆಣೆದದ್ದು. ತುದಿಗೆ ಎರಡು ಮಾರು ಬಿಳಿ ನೈಲಾನ್ ಗಂಟು ಹಾಕ್ತೀನಿ. ಮೀನಿನ ಹತ್ತಿರ ಹಳದಿ ಹೋಗಲ್ಲ."

ಅವನು ದಾರವನ್ನು ಹಲ್ಲಿನ ಮಧ್ಯೆ ಎಳೆದು ನೋಡಿದ. "ಮುಳುಗುಮೀನಿಗೆ ಇದು ಬೇಡ ಕಣೆ. ಕಪ್ಪೆ ಕಟ್ಟೋದಾದರೆ ಕೊಡು."

"ಕಪ್ಪೆ ಆಡಿಸೋಕೆ ಜೊಂಡು ಇನ್ನೂ ಹರಡಿಲ್ಲ ಅಂದವನು ನೀನೇ."

"ಹಳದಿ ನೈಲಾನ್ ಇಲ್ವಾ?"

"ಅವತ್ತು ತೋರಿಸಿದ್ದೆನಲ್ಲ. ಬಿಸಿಲಿಗೆ ಹಿಡಿದರೆ ಮಾಯ. ನಿನಗೆ ಕಾಣಲಿಲ್ಲ."

ಅವನು ಸುರುಳಿಯನ್ನು ಬೆರಳಲ್ಲಿ ತಿರುಗಿಸಿದ. "ಎರಡು ಮಾರು ನೈಲಾನ್ ಎಷ್ಟು ಹಿಗ್ಗೀತು? ಇಪ್ಪತ್ತು ಮಾರು ಇದ್ದರೆ ಮಾತು."

"ರೀಲಿನ ಬಿಗಿ ಸಡಿಲ ಮಾಡ್ತೀನಿ. ಮೀನು ಎಳೆದರೆ ದಾರ ತಾನಾಗಿ ಬಿಚ್ಚಿಕೊಳ್ಳುತ್ತೆ."

"ಆಯ್ತಮ್ಮ, ಅಂಗಡಿಯವಳು ನೀನು. ಸುತ್ತು."

ನನ್ನ ಮಾತನ್ನು ಅಷ್ಟು ಸುಲಭವಾಗಿ ಒಪ್ಪಿದವನೇ ಅಲ್ಲ ಅವನು. ಅವತ್ತು ಅದನ್ನು ನನ್ನ ಜಾಣತನ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ನಾನೂ ದೋಣಿ ಹತ್ತಿದೆ. ಯಜಮಾನಿ ಮುಂದೆ, ಗಾಳದ ಕೋಲು ಅವರ ಕೈಲಿ. ಅಣ್ಣ ಹಿಂದೆ, ಹುಟ್ಟು ಹಿಡಿದು. ಮೊದಲ ಸಲ ದಾರ ಬೀಸಿ ಹೋಗಿ ನೀರ ಮೇಲೆ ಬಿದ್ದಾಗ ಅವನು ಕುತ್ತಿಗೆ ಮುಂದೆ ಚಾಚಿದ. "ಕಾಣ್ತಿದೆ," ಅಂದ, ಯಾರಿಗೂ ಹೇಳದವನ ಹಾಗೆ.

ಆಮೇಲೆ ಅವನು ದೋಣಿ ನಡೆಸಿದ್ದನ್ನು ನೋಡಬೇಕಿತ್ತು. ಜೊಂಡಿನ ಗೋಡೆ ಒಳಗೆ ಹೋದಲ್ಲಿ ನಾವೂ ಒಳಗೆ, ಹೊರಗೆ ಬಂದಲ್ಲಿ ಹೊರಗೆ. ಒಂದು ಎಲೆಯೂ ಕೊಕ್ಕೆಗೆ ಹತ್ತಲಿಲ್ಲ.

"ಏನ್ರೀ, ಹದ್ದಿಗೆ ರೆಕ್ಕೆ ಹುಟ್ಟಿತಲ್ಲ!" ಅಂದರು ಯಜಮಾನಿ.

"ಕೋಲಿನ ಕಡೆ ನೋಡಿ ತಾಯಿ, ನನ್ನ ಕಡೆ ಆಮೇಲೆ ನೋಡೋರಂತೆ."

ಮೂರನೆಯ ತಿರುವಿನಲ್ಲಿ ಕೋಲು ಬಾಗಿತು. ಮೀನು ಒಮ್ಮೆ ನೀರಿನಿಂದ ಮೇಲೆದ್ದಿತು, ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ರೀಲಿನಿಂದ ದಾರ ಕಿರ್ ಎಂದು ಬಿಚ್ಚಿಕೊಳ್ಳತೊಡಗಿತು. ಯಜಮಾನಿ ಹುಟ್ಟಿದಾಗಿನಿಂದ ನೈಲಾನಿನಲ್ಲೇ ಗಾಳ ಹಾಕಿದವರು. ದಾರ ಹೀಗೆ ಓಡುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಹೆಬ್ಬೆರಳು ಬಿಗಿಯ ತಿರುಪಿಗೆ ಹೋಯಿತು. ಟಕ್ ಟಕ್ ಶಬ್ದ ಅಣ್ಣನಿಗೆ ಕೇಳಿಸಿತು.

"ಬಿಗಿ ಮಾಡಬೇಡಿ! ಓಡಲಿ, ಬಿಡಿ!"

ಅಷ್ಟರಲ್ಲಿ ಮೀನು ತಲೆ ಕೊಡವಿತ್ತು. ಕೋಲು ನೆಟ್ಟಗಾಯಿತು. ಮುಳುಗುಮೀನು ಹಾರಿ ಬಂದು ನನ್ನ ಕಾಲ ಹತ್ತಿರ ಬಿತ್ತು. ಒಂದು ಮುಳ್ಳಿಗೆ ಉಗುರಿನಷ್ಟು ತುಟಿ ಅಂಟಿಕೊಂಡಿತ್ತು.

ಬಿಸಿಲು ಏರುವ ತನಕ ಎಸೆದೆವು. ಮತ್ತೇನೂ ಬರಲಿಲ್ಲ.

ದಡ ಮುಟ್ಟಿದಾಗ ಯಜಮಾನಿ ರೀಲನ್ನು ತಿರುಗಿಸಿ ನೋಡಿದರು. "ಇದು ಹೆಣೆದದ್ದಲ್ವಾ? ನೈಲಾನ್ ಹಾಕಿದ್ದರೆ ಬರ್ತಿತ್ತಲ್ರೀ. ನಿಮಗೆ ಗೊತ್ತಿಲ್ಲದ್ದಾ?"

ತಂಗಿ ಸುತ್ತಿಕೊಟ್ಟಳು ಎಂದು ಅವನು ಹೇಳಬಹುದಿತ್ತು. ನಾನೇ ಹೇಳಲು ಬಾಯಿ ತೆರೆದೆ, ಅವನು ಕೈ ಅಡ್ಡ ಹಿಡಿದ.

"ನೈಲಾನ್ ಹಾಕಿದ್ದರೆ ನನಗೆ ಕಾಣ್ತಿರಲಿಲ್ಲ ತಾಯಿ."

"ಸ್ವಲ್ಪವೂ?"

"ಸ್ವಲ್ಪವೂ."

ಅವರು ರೀಲನ್ನು ಮೆಲ್ಲಗೆ ಹಲಗೆಯ ಮೇಲಿಟ್ಟರು. "ನನ್ನ ಕೈಜೋರಿನಿಂದ ತಪ್ಪಿತು, ಇನ್ನೊಂದು ದಿನ ನೋಡೋಣ ಅನ್ನೋಣಾಂತಿದ್ದೆ. ಆದರೆ ಬರೋ ಗಿರಾಕಿಗಳು ಅವರವರ ದಾರ ತರ್ತಾರೆ. ಎಲ್ಲರ ರೀಲಿಗೂ ಹಳದಿ ಸುತ್ತೋಕಾಗುತ್ತಾ, ನೀವೇ ಹೇಳಿ."

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಂದು ಮೀನು ದೋಣಿಗೆ ಬಂದರೆ ಸಾಕು ಎಂದಷ್ಟೇ ಲೆಕ್ಕ ಹಾಕಿದ್ದೆ. ಸೋಮವಾರದ ಗಿರಾಕಿಯನ್ನು ಮರೆತಿದ್ದೆ. ಅಣ್ಣ ಮರೆತಿರಲಿಲ್ಲ ಎಂದು ಈಗ ಅನಿಸುತ್ತದೆ. ಶುಕ್ರವಾರವೇ ಅವನಿಗೆ ಗೊತ್ತಿತ್ತು, ಅದಕ್ಕೇ ವಾದ ಬೆಳೆಸದೆ ಸುತ್ತು ಅಂದ.

ಅವನು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ದಾರಿಯಲ್ಲಿ ನಾನು, "ನನ್ನ ತಪ್ಪು ಅಣ್ಣ," ಅಂದೆ.

"ನೀನು ಕೆಟ್ಟ ದಾರ ಕೊಟ್ಟೆ," ಅಂದ. "ಒಳ್ಳೆಯದು ಕೊಟ್ಟಿದ್ದರೂ ಇಷ್ಟೇ. ಮೆಟ್ಟಿಲು ಬಂದಾಗ ಹೇಳು."

ಆ ಒಂದು ಬೆಳಿಗ್ಗೆ ಅವನಿಗೆ ದಾರ ಕಂಡಿತು. ಇಪ್ಪತ್ತಾರು ವರ್ಷದ ಕೆಲಸ ಹೋಯಿತು.