ಬಾಣಂತಿಗೆ ಗೆಣಸಿಲ್ಲ

ಮನೆಯಲ್ಲಿ ತಿನ್ನುವಂಥದ್ದು ಉಳಿದದ್ದು ಎರಡೇ. ಮಡಕೆಯ ತಳದಲ್ಲಿ ಮೂರು ಸೇರು ಜೋಳ, ಮೂಲೆಯಲ್ಲಿ ಒಂದು ಬುಟ್ಟಿ ಗೆಣಸು. ಜೋಳ ಬಾಣಂತಿಗೆ, ಗೆಣಸು ತನಗೆ ಎಂದು ನಿಂಬೆವ್ವ ಮೊದಲ ದಿನವೇ ತೀರ್ಮಾನ ಮಾಡಿದಳು. ಅವಳಿಗೆ ಎಲ್ಲದರ ಮೇಲೂ ಅನುಮಾನ. ರಾತ್ರಿ ಹಾಕಿದ ಅಗಳಿಯನ್ನು ಎದ್ದು ಎರಡು ಸಲ ಮುಟ್ಟಿ ನೋಡುವ ಹೆಂಗಸು. ಆದರೆ ಈ ತೀರ್ಮಾನದ ಬಗ್ಗೆ ಮಾತ್ರ ಅವಳಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಭೀಮೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂದು ಐದು ತಿಂಗಳಾಗಿತ್ತು. ಈಚೆ ದಂಡೆಗೆ, ನವಾಬನ ಸೀಮೆಯ ಮಣ್ಣೂರಿಗೆ, ಬಂದಿರಲಿಲ್ಲ. ಊರಿನ ಗಂಡಸರು ಅರ್ಧಕ್ಕರ್ಧ ಹೊಳೆ ದಾಟಿ ಆಚೆಯ ಹೋರಾಟದ ಕ್ಯಾಂಪು ಸೇರಿದ್ದರು. ನಿಂಬೆವ್ವನ ಒಬ್ಬನೇ ಮಗ ಚಂದಪ್ಪನೂ ಹೋದ. ಅವನು ಹೋದ ಎಂಟನೆಯ ದಿನ ನವಾಬನ ಕಡೆಯ ಬಂದೂಕಿನವರು ಬಂದು, ಅಂಗಳದ ಹಗೇವು ಅಗೆಸಿ, ನೆಲದೊಳಗಿಟ್ಟಿದ್ದ ಜೋಳವನ್ನೆಲ್ಲ ಗಾಡಿಗೆ ಹೇರಿಕೊಂಡು ಹೋದರು. ಹೊಲದ ಬೆಳೆಗೆ ತಮ್ಮ ಕುದುರೆ ಬಿಟ್ಟರು. ಊರಿನ ಆಡು, ಎಮ್ಮೆ ಹೊಡೆದುಕೊಂಡು ಹೋದರು. ಸೊಸೆ ಗಂಗಾಬಾಯಿಗೆ ಆಗ ದಿನ ತುಂಬಿತ್ತು. ಚೊಚ್ಚಲು ಹೆರಿಗೆ ತವರೂರು ಗೊಬ್ಬೂರಿನಲ್ಲಾಗಬೇಕು, ಆದರೆ ಆ ದಾರಿಯಲ್ಲಿ ಹೆಂಗಸರು ಓಡಾಡುವ ಕಾಲ ಅದಲ್ಲ. ಗಂಡು ಕೂಸು ಇಲ್ಲೇ ಹುಟ್ಟಿತು.

ಗೆಣಸು ಕೊಟ್ಟವಳು ಗೋಡೆಯಾಚೆ ಮನೆಯ ಪ್ಯಾರಿಬಿ. ಹೊಳೆದಂಡೆಯ ಮರಳು ಮಣ್ಣಿನಲ್ಲಿ ಗೆಣಸು ಬೆಳೆಯುವುದು ಅವಳ ಕಸುಬು. ಬಂದೂಕಿನವರು ಬಂದು ಹೋದ ಮೇಲೆ, ಅವರೂ ಅವಳೂ ಒಂದೇ ಮತದವರೆಂದು, ಊರು ಅವಳೊಂದಿಗೆ ಮಾತು ಬಿಟ್ಟಿತ್ತು. ಅವಳು ಸೆರಗಿನಡಿ ಬುಟ್ಟಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಬಂದಳು.

“ನೀನೂ ತಿನ್ನಕ್ಕಾ, ಹುಡುಗಿಗೂ ಕೊಡು.”

“ಬಾಣಂತಿಗಿ ಗಡ್ಡಿ ಕೊಡ್ತಾರೇನ ಬೇ? ತಾಯಿ ತಿಂದ ವಾಯು ಕೂಸಿನ ಹೊಟ್ಟಿಗಿ ಇಳೀತದ.”

“ನಾ ಐದು ಹಡದೀನಿ. ಐದಕ್ಕೂ ಇದೇ ಗೆಣಸ ಕುದಿಸಿ ತಿಂದೀನಿ. ನನ್ನ ಮಕ್ಕಳು ಉಬ್ಬ್ಯಾವೇನು ನೋಡು, ಒಂದೊಂದು ತೊಗರಿಕಟಿಗಿ ಆಗ್ಯಾವ!”

“ನಿಮ್ಮ ಹೊಟ್ಟಿ ಬ್ಯಾರೆ, ನಮ್ಮ ಹೊಟ್ಟಿ ಬ್ಯಾರೆ.”

“ಹಸಿವೂ ಬ್ಯಾರೆ ಏನಕ್ಕಾ?” ಎಂದು ಪ್ಯಾರಿಬಿ ನಕ್ಕು, ಖಾಲಿ ಸೆರಗು ಹೊದ್ದು ಹೋದಳು.

ನಿಂಬೆವ್ವ ನಗಲಿಲ್ಲ. ಮೂವತ್ತು ವರ್ಷದ ಹಿಂದೆ, ತವರಿಲ್ಲದ ಅವಳೂ ಇದೇ ಕೋಣೆಯಲ್ಲಿ ಬಾಣಂತಿಯಾಗಿ ಮಲಗಿದ್ದಳು. ಹಸಿವು ತಾಳದೆ, ಹಿತ್ತಲಲ್ಲಿ ಕಿತ್ತು ತಂದಿಟ್ಟಿದ್ದ ಗಜ್ಜರಿಗಡ್ಡೆ ಎರಡನ್ನು ಕದ್ದು ತಿಂದಿದ್ದಳು. ಆ ವಾರವೇ ಅವಳ ಚೊಚ್ಚಲು ಹೆಣ್ಣು ಹೊಟ್ಟೆ ಉಬ್ಬಿ ಸತ್ತಿತು. “ಗಜ್ಜರಿ ತಿಂದು ಕೂಸಿನ್ನ ತಿಂದ್ಳು” ಎಂದು ಅತ್ತೆ ಸಾಯುವವರೆಗೂ ಅಂದಳು. ಅಂದಿನಿಂದ ನಿಂಬೆವ್ವ ಗಜ್ಜರಿ ಮುಟ್ಟಿಲ್ಲ. ಬೇರೆಯವರ ಅಂಗಳದಲ್ಲಿ ರಾಶಿ ಬಿದ್ದಿದ್ದರೂ ಮುಖ ತಿರುಗಿಸಿಕೊಂಡು ಹೋಗುತ್ತಾಳೆ.

ಹೀಗಾಗಿ ಬಾಣಂತಿಗೆ ಜೋಳದ ಗಂಜಿ. ಒಂದು ಹಿಡಿ ಹಿಟ್ಟು, ಒಂದು ತಂಬಿಗೆ ನೀರು, ಚಿಟಿಕೆ ಅಜವಾನ. ಮೂರು ಸೇರು ನಲವತ್ತು ದಿನ ಬರಬೇಕು. ಹಿಡಿ ದಿನದಿನಕ್ಕೆ ಸಣ್ಣದಾಯಿತು, ನೀರು ಅಷ್ಟೇ ಇತ್ತು. ನಿಂಬೆವ್ವ ಮಾತ್ರ ಒಲೆಯ ಬಿಸಿಬೂದಿಯಲ್ಲಿ ಗೆಣಸು ಹೂಳಿಡುವಳು. ಸಿಪ್ಪೆ ಸುಟ್ಟು ಬಿರಿದು, ಒಳಗಿನ ಸಿಹಿ ಬೆಲ್ಲದ ಪಾಕದಂತೆ ಹೊರಗೆ ಜಿನುಗುವುದು. ಆ ವಾಸನೆಗೆ ಬಾಣಂತಿಕೋಣೆಯ ಪರದೆ ಯಾವ ಅಡ್ಡಿ?

“ಅತ್ತಿ, ಒಂದು ತುಂಡು ಕೊಡ್ರಿ. ಬರೇ ಒಂದು.”

“ನಲವತ್ತು ದಿನ ತಡಿ ಬೇ. ಆಮ್ಯಾಗ ಬುಟ್ಟಿನೇ ನಿನ್ನ ಮುಂದ ಇಡ್ತೇನಿ. ನಾ ಏನು ಖುಷಿಲಿಂದ ತಿನ್ನಾಕತ್ತೇನೇನು? ಚೊಲೋ ಕಾಳು ನಿನಗ ಇಟ್ಟೇನಿ.”

ಅದು ಸುಳ್ಳಲ್ಲ. ನಿಂಬೆವ್ವನಿಗೆ ರೊಟ್ಟಿಯ ಆಸೆ ಹತ್ತಿತ್ತು. ಆದರೂ ಕನ್ನಡಿಯಲ್ಲಿ ನೋಡಿಕೊಂಡರೆ ಅವಳ ಕೆನ್ನೆ ತುಂಬುತ್ತಿತ್ತು. ಸೊಸೆಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಎದೆಯಲ್ಲಿ ಹಾಲಿಲ್ಲದೆ ಕೂಸು ಹಗಲೆಲ್ಲ ಚೀರುತ್ತಿತ್ತು.

ಹದಿನಾರನೆಯ ದಿನ ಕೂಸು ಚೀರಲಿಲ್ಲ. ಹದಿನೇಳನೆಯ ದಿನವೂ ಇಲ್ಲ. ಕುಡಿದು, ತುಟಿಯ ಮೂಲೆಯಲ್ಲಿ ಹಾಲು ಸುರಿಸಿಕೊಂಡು ಮಲಗಿತ್ತು. ಅಜವಾನ ಕೈ ಹಿಡಿಯಿತೆಂದು ನಿಂಬೆವ್ವ ಹಿಗ್ಗಿ, ಕಸಬರಿಗೆ ಹಿಡಿದು ಬಾಣಂತಿಯ ಮಂಚದ ಕೆಳಗೆ ಕೈ ಹಾಕಿದಳು. ಅಗ್ಗಿಷ್ಟಿಗೆಯ ಹಿಂದಿನಿಂದ ಗೆಣಸಿನ ಸಿಪ್ಪೆ ಬಂದವು. ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿ. ಎರಡು ದಿನದವು.

“ಇದೇನಬೇ?”

“ಹಾಲು ಬಂದಾವ ಅತ್ತಿ,” ಎಂದಳು ಗಂಗಾಬಾಯಿ. ಹೆದರಿಕೆಯಲ್ಲೂ ಅವಳ ದನಿಯಲ್ಲೊಂದು ಸಡಗರವಿತ್ತು. “ಬೇಕಾದ್ರ ನೋಡ್ರಿ. ಎರಡೂ ಕಡೆ ಬಂದಾವ.”

“ಬಂದಾವ. ಅದರಾಗ ಏನೇನು ಬಂದದ ನಿನಗ ಗೊತ್ತದೇನು?”

ನಿಂಬೆವ್ವ ಕೂಸಿನ ಹೊಟ್ಟೆ ಮುಟ್ಟಿದಳು. ಮೆತ್ತಗಿತ್ತು. ಇನ್ನೊಮ್ಮೆ ಮುಟ್ಟಿದಳು. ಆಗಲೂ ಮೆತ್ತಗಿತ್ತು. ಸಿಪ್ಪೆಯನ್ನೂ ಹಾಲನ್ನೂ ಅವಳು ಒಂದೇ ಹೊತ್ತಿನಲ್ಲಿ, ಹಾಡುಹಗಲಿನಲ್ಲಿ ನೋಡಿದಳು. ನೋಡಿಯೂ ಬುಟ್ಟಿಯನ್ನೆತ್ತಿ ದೇವರಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಬ್ಬುವುದು ಇವತ್ತಲ್ಲ, ನಾಳೆ. ತನ್ನ ಮಗಳ ಹೊಟ್ಟೆಯೂ ಮೊದಲು ಮೆತ್ತಗೇ ಇತ್ತಲ್ಲ.

ಮೂರು ದಿನಕ್ಕೆ ಹಾಲು ಬತ್ತಿತು. ಕೂಸು ಮೊದಲು ಚೀರಿತು, ಆಮೇಲೆ ಬೆಕ್ಕಿನ ಮರಿಯಂತೆ ಕುಂಯ್‌ಗುಟ್ಟಿತು, ಆಮೇಲೆ ಅದೂ ನಿಂತಿತು. ಗೋಡೆಯಾಚೆಯಿಂದ ಪ್ಯಾರಿಬಿ ಕೂಗಿದಳು: “ಅಕ್ಕಾ, ಕೂಸು ಯಾಕ ಅಳವಲ್ದು?”

“ಮಲಗ್ಯಾದ,” ಎಂದಳು ನಿಂಬೆವ್ವ. ಅಂದಿನ ಮಧ್ಯಾಹ್ನ ಅವಳ ಕೈ ತಾನಾಗಿ ಕೀಲಿಯ ಮೇಲೆ ಹೋಯಿತು. ಬಾಗಿಲವರೆಗೂ ಹೋದಳು. ಈಗ ಕೊಟ್ಟು ಏನಾದರೂ ಆದರೆ? ಕೊಟ್ಟ ಕೈ ತನ್ನದೇ ಆಗುತ್ತದೆ. ತಿರುಗಿ ಬಂದಳು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಕೂಸು ತಣ್ಣಗಿತ್ತು. ತಂದೆ ಬಂದ ಮೇಲೆ ತೊಟ್ಟಿಲಿಗೆ ಹಾಕೋಣವೆಂದು ಹೆಸರನ್ನೂ ಇಟ್ಟಿರಲಿಲ್ಲ.

ಸೂಲಗಿತ್ತಿ ಗುರಮ್ಮ ಬಂದು ಕೂಸಿಗೆ ಕೊನೆಯ ನೀರು ಹಾಕಿದಳು. ಕೈಕಾಲು ಕಡ್ಡಿ, ಹೊಟ್ಟೆಯೊಂದು ಮಾತ್ರ ಬಿಗಿದ ಡೊಳ್ಳು. ಅವಳು ಬಾಣಂತಿಯ ಕಡೆ ನೋಡಿದಳು.

“ಹೊಟ್ಟಿ ಹ್ಯಾಂಗ ಉಬ್ಬ್ಯಾದ ನೋಡ್ರಿ. ಏನರೆ ಗಡ್ಡಿಗಿಡ್ಡಿ ತಿಂದಿದ್ದೇನಬೇ?”

“ಎರಡು ದಿನ ತಿಂದಿದ್ನರಿ,” ಎಂದಳು ಗಂಗಾಬಾಯಿ. ಸುಳ್ಳು ಹೇಳುವ ಹುಡುಗಿಯಲ್ಲ. ಮುಂದಿನದನ್ನು ಅತ್ತೆ ಹೇಳುತ್ತಾಳೆಂದು ನಿಂಬೆವ್ವನ ಮುಖ ನೋಡಿದಳು. ಆ ಎರಡು ದಿನವೇ ಕೂಸು ಹೊಟ್ಟೆ ತುಂಬ ಕುಡಿದು ಮಲಗಿತ್ತೆಂದು. ಅದಾಗಿ ಒಂಬತ್ತು ದಿನವಾಯಿತೆಂದು. ಬೀಗ ಹಾಕಿದ್ದು ಯಾರೆಂದು.

“ಕದ್ದು ತಿಂದಾಳ,” ಎಂದಳು ನಿಂಬೆವ್ವ.

ದನಿ ಅವಳದೇ, ಮಾತು ಅವಳ ಅತ್ತೆಯದು. ಗುರಮ್ಮ ಲೊಚಗುಟ್ಟಿದಳು. ಅಲ್ಲಿಗೆ ಮುಗಿಯಿತು. ಸಂಜೆಯೊಳಗೆ ಮಣ್ಣೂರಿನ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಾಯಿತು, ಚಂದಪ್ಪನ ಹೆಂಡತಿ ಗೆಣಸು ತಿಂದು ಕೂಸಿನ್ನ ತಿಂದ್ಳು ಎಂದು.

ಕೂಸಿಲ್ಲದವಳಿಗೆ ಪಥ್ಯ ಎಲ್ಲಿಯದು? ಮಾರನೆಯ ದಿನ ನಿಂಬೆವ್ವ ಬೀಗ ತೆಗೆದು, ಗೆಣಸು ತೊಳೆದು ಕುದಿಸಿ, ಸಿಪ್ಪೆ ಸುಲಿದು ತಾಟಿನಲ್ಲಿ ಸೊಸೆಯ ಮುಂದಿಟ್ಟಳು. ಬೇಡವೆನ್ನಬಹುದು, ತಾಟನ್ನು ಎಸೆಯಬಹುದು ಎಂದುಕೊಂಡಿದ್ದಳು. ಗಂಗಾಬಾಯಿ ತಲೆಯೆತ್ತದೆ ನಾಲ್ಕು ತಿಂದಳು. ಐದನೆಯದನ್ನೂ ತಿಂದಳು. ಮರುದಿನವೂ ತಿಂದಳು. ಮೂರನೆಯ ದಿನ ಅವಳ ಕುಪ್ಪಸ ಒದ್ದೆಯಾಯಿತು. ನಿಂಬೆವ್ವ ಹಳೆಯ ಸೀರೆ ಹರಿದು ಎದೆಗೆ ಬಿಗಿಯಾಗಿ ಕಟ್ಟಿದಳು. ಕಟ್ಟಿದ ಬಟ್ಟೆಯೂ ತೊಯ್ದಿತು.

ಆ ಬಟ್ಟೆ ಹಿಂಡುತ್ತ ಹಿತ್ತಲಲ್ಲಿ ಕೂತಾಗ ಅವಳಿಗೆ ತನ್ನ ಹೆಣ್ಣುಕೂಸು ನೆನಪಾಯಿತು. ಹಾಗಾದರೆ ಆ ಗಜ್ಜರಿ? ಆ ಬಾಣಂತನದಲ್ಲೂ ಗಂಜಿ ನೀರಾಗೇ ಇತ್ತಲ್ಲ? ಈ ಹುಡುಗಿಯದು ತಪ್ಪಲ್ಲದಿದ್ದರೆ ತನ್ನದೂ ತಪ್ಪಾಗಿರಲಿಲ್ಲ. ಮೂವತ್ತು ವರ್ಷ ಹೊತ್ತದ್ದನ್ನು ಇಲ್ಲೇ ಇಳಿಸಿಬಿಡಬಹುದು. ಆದರೆ ಅದನ್ನು ಇಳಿಸಿದರೆ ಸೊಂಟದ ಕೀಲಿಯನ್ನು ಹೊರಬೇಕು. ಅವಳು ಎದ್ದು ಬಟ್ಟೆಯನ್ನು ಬಿಸಿಲಿಗೆ ಹರವಿದಳು.

ಐದನೆಯ ದಿನ ಚಂದಪ್ಪ ಹೊಳೆ ದಾಟಿ ಬಂದ. ಗಡ್ಡ ಬಿಟ್ಟಿದ್ದ. ಸುದ್ದಿಯ ಅರ್ಧ ದಾರಿಯಲ್ಲೇ ಕೇಳಿದ್ದ.

“ಏನಾಗಿತ್ತವ್ವಾ ಕೂಸಿಗಿ? ಮಂದಿ ಏನೇನೋ ಅನ್ನಾಕತ್ತಾರ.”

ಗಂಗಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಇನ್ನೊಮ್ಮೆ ಅತ್ತೆಯ ಮುಖ ನೋಡಿದಳು.

“ಹೊಟ್ಟಿ ಉಬ್ಬಿತ್ತಪ್ಪ,” ಎಂದಳು ನಿಂಬೆವ್ವ.

ಚಂದಪ್ಪ ಹೆಂಡತಿಯ ಕಡೆ ತಿರುಗಿದ. ಗಂಗಾಬಾಯಿ ಕೊಡ ಎತ್ತಿಕೊಂಡು ಹೊಳೆಯ ದಾರಿ ಹಿಡಿದಿದ್ದಳು. ಎದೆಯ ಮೇಲೆ ಸೆರಗು ತೊಯ್ದಿತ್ತು. ಕೊಡ ಇನ್ನೂ ಖಾಲಿಯಿತ್ತು.