ಕೇಳಿಸ್ತಿಲ್ಲ

"ಅಕ್ಕಾ, ಬೇಗ! ಇನ್ನು ಹತ್ತೇ ನಿಮಿಷ!" ಎಂದು ಡ್ರಮ್ ಬಾರಿಸುವ ಬೇಕರಿಯವನು ವೇದಿಕೆಯಿಂದ ಕೂಗಿದಾಗ ಅವಳು ಮೇಜಿನಡಿ ತೂರಿಕೊಂಡು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ತುಂಡಾದ ವಯರಿನ ತುದಿ ಸುಲಿಯುತ್ತಿದ್ದಳು. ಇಪ್ಪತ್ತು ಹೆಜ್ಜೆ ಮುಂದೆ ಅವಳ ಅಪ್ಪ ಪೆಟ್ಟಿಗೆಯಲ್ಲಿ ಮಲಗಿದ್ದ. ಅಪ್ಪನ ಶವಸಂಸ್ಕಾರದ ದಿನ ಮಗಳು ಮೇಜಿನಡಿ ಇರಬಾರದು, ನಿಜ. ಆದರೆ ಮೂವತ್ತು ವರ್ಷ ಈ ಚರ್ಚಿನ ಸಭೆಯ ಮೈಕು ನೋಡಿಕೊಂಡವನೇ ಅಪ್ಪ. ಅವನನ್ನು ಬಿಟ್ಟರೆ ಆ ಯಂತ್ರದ ಕಿತಾಪತಿ ಗೊತ್ತಿದ್ದವಳು ಇವಳೊಬ್ಬಳೇ.

ಹಿಂದಿನ ಬೆಂಚಿನಲ್ಲಿ ಮಾತು ನಡೆದಿತ್ತು.

"ಪಾಪ, ರೇಡಿಯೊ ರಿಪೇರಿಯವರಿಗೇ ಕಿವಿ ಹೋಗೋದು ಅಂದ್ರೆ!" ಟೀಚರಮ್ಮ ಲೊಚಗುಟ್ಟಿದರು.

"ಹತ್ತು ವರ್ಷದಿಂದ ಅದೇ ರಾಗ ಕಣ್ರೀ, ಕೇಳಿಸ್ತಿಲ್ಲ, ಕೇಳಿಸ್ತಿಲ್ಲ ಅಂತ," ಎಂದರು ಕಮಿಟಿಯ ಕಾರ್ಯದರ್ಶಿ. "ಅವರಿಗೋಸ್ಕರಾನೇ ಇಷ್ಟು ದೊಡ್ಡ ಸ್ಪೀಕರ್ ತರಿಸಿದ್ದು. ಇವತ್ತು ನೋಡಿ, ಪರಲೋಕಕ್ಕೇ ಕೇಳಿಸೋ ಹಾಗೆ ಬಾರಿಸ್ತೀವಿ!"

ಮೇಜಿನಡಿ ಅವಳಿಗೆ ನಗು ಉಕ್ಕಿತು. ಅದರ ಬೆನ್ನಿಗೇ ಅಳುವೂ ಬಂತು. ಟಾರ್ಚು ಬಾಯಲ್ಲಿದ್ದುದರಿಂದ ಎರಡೂ ಆಗಲಿಲ್ಲ.

*

ಹತ್ತು ವರ್ಷದ ಹಿಂದೆ ಮೊದಲ ಸ್ಪೀಕರುಗಳು ಬಂದ ಭಾನುವಾರ ಅವಳೂ ಮೈಕಿನ ಮೇಜಿನ ಹಿಂದೆ ಅಪ್ಪನ ಪಕ್ಕ ಕೂತಿದ್ದಳು. ಬೇರೆ ಸಭೆಗಳಲ್ಲಿ ಬಣ್ಣದ ದೀಪ, ಅಬ್ಬರದ ಸಂಗೀತ. ನಾವಿನ್ನೂ ಹಳೇ ಕಾಲದವರ ಹಾಗೆ ಹಾಡುತ್ತ ಕೂತರೆ ಯಾರು ಬರುತ್ತಾರೆ ಎಂದು ಕಮಿಟಿಗೆ ಚಿಂತೆ ಹತ್ತಿತ್ತು. ಆರಾಧನೆಯ ನಡುವೆ ಅಪ್ಪ ಎದ್ದು ನಿಂತು, "ಕೇಳಿಸ್ತಿಲ್ಲ!" ಎಂದು ಕೂಗಿದ. ಕಾರ್ಯದರ್ಶಿ ಓಡಿಬಂದು, ಅಕ್ಕರೆಯಿಂದ ಅವನ ಬೆನ್ನು ತಟ್ಟಿ, ಸದ್ದು ಇನ್ನಷ್ಟು ಏರಿಸಿ ಹೋದರು.

"ಅಪ್ಪಾ, ಡಾಕ್ಟರಿಗೆ ಕಿವಿ ತೋರಿಸೋಣ್ವಾ?" ಮನೆಗೆ ಬಂದು ಕೇಳಿದಳು.

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನನ್ನ ಕಿವಿಗೇನಾಗಿದೆಯೇ? ರೇಡಿಯೊ ಒಳಗೆ ಸ್ಕ್ರೂ ಸಡಿಲಾಗಿದ್ರೆ ರಸ್ತೇಲಿ ನಿಂತು ಹೇಳ್ತೀನಿ. ನಂಗೆ ಕೇಳಿಸ್ತಿಲ್ಲ ಅಂದದ್ದು ಜನರ ದನಿ. ನಿಮ್ಮತ್ತೆ ನನ್ನ ಮುಂದೇನೇ ಕೂತಿದ್ಲು, ಅವಳ ಹಾಡು ಕೇಳಿಸ್ಲಿಲ್ಲ." ವೇದಪುಸ್ತಕ ತೆರೆದು ಒಂದು ಪದದ ಕೆಳಗೆ ಬೆರಳಿಟ್ಟ. "ಓದು. ಒಬ್ಬರಿಗೊಬ್ಬರು ಅಂತಿದೆ. ಹಾಡಿನಲ್ಲಿ ಒಬ್ಬರಿಗೊಬ್ಬರು ಬುದ್ಧಿ ಹೇಳ್ಕೊಳ್ಳಿ ಅಂತ ಅಪೊಸ್ತಲ ಬರೆದಿದ್ದಾನೆ. ಮೇಲಿನೋರು ಹಾಡ್ಲಿ, ಕೆಳಗಿನೋರು ನೋಡ್ಲಿ ಅಂತ ಎಲ್ಲಿದೆ? ಡ್ರಮ್ ಇರ್ಲಿ, ಬೇಡ ಅನ್ನಲ್ಲ. ತಾಳ ಹಾಕಿ ಅಂತ ಕೀರ್ತನೇಲೇ ಇದೆ. ಜನರ ಬಾಯಿ ಮುಚ್ಚಿಸಬಾರದು ಅಷ್ಟೆ."

"ಕಮಿಟಿಗೆ ಬಿಡಿಸಿ ಹೇಳೋದಲ್ವಾ?"

"ಹೇಳ್ದೆ. ಇನ್ನೆರಡು ಸ್ಪೀಕರ್ ತರಿಸ್ತಾರಂತೆ."

"ನೀನೇ ಇಳಿಸಿಬಿಡು. ಸದ್ದಿನ ಗುಂಡಿ ನಿನ್ನ ಕೈಯಲ್ಲೇ ಇದೆಯಲ್ಲ."

ಅಪ್ಪ ಪುಸ್ತಕ ಮುಚ್ಚಿದ. "ಧೈರ್ಯ ಸಾಲಲ್ಲ ಕಣೇ," ಎಂದ.

*

ವಯರು ಜೋಡಿಸಿ ಅವಳು ಮೇಜಿನ ಹಿಂದೆ ಎದ್ದು ನಿಲ್ಲುವಷ್ಟರಲ್ಲಿ ಪಾಸ್ಟರ್ ಪ್ರಾರ್ಥನೆ ಮುಗಿಸಿದರು. ಎಲ್ಲರಿಗೂ ಬಾಯಿಪಾಠವಿದ್ದ ಹಳೇ ಕೀರ್ತನೆಯೇ ಹೊಸ ಅಬ್ಬರದಲ್ಲಿ ಶುರುವಾಯಿತು. ಕಿಟಕಿಯ ಗಾಜು ಗಡಗಡ ಅಂದಿತು. ಪೆಟ್ಟಿಗೆಯ ಪಕ್ಕ ಕೂತ ಸೋದರತ್ತೆಯ ತುಟಿ ಅಲುಗುತ್ತಿತ್ತು. ತಮ್ಮನಿಗೆ ಕೊನೆಯ ಬಾರಿ ಹಾಡುತ್ತಿದ್ದಾಳೆ, ಒಂದಕ್ಷರವೂ ಕೇಳುತ್ತಿಲ್ಲ. ಕಾರ್ಯದರ್ಶಿ ಮುಂದಿನಿಂದ ಕೈ ಎತ್ತಿ ಎತ್ತಿ, ಇನ್ನೂ ಜೋರು ಮಾಡು ಎಂದು ಸನ್ನೆ ಮಾಡುತ್ತಿದ್ದರು.

ಅವಳು ಗುಂಡಿಗಳ ಮೇಲೆ ಬೆರಳಿಟ್ಟಳು. ಇಳಿಸಿದರೆ ಈ ಮೇಜಿನ ಹತ್ತಿರ ಇನ್ನು ಬರಗೊಡುವುದಿಲ್ಲ. ಅಪ್ಪನ ಸಾವಿಗೆ ತಲೆ ಕೆಟ್ಟಿದೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ! ಅವಳು ಗುಂಡಿಗಳನ್ನೆಲ್ಲ ಒಟ್ಟಿಗೇ ಕೆಳಗೆಳೆದಳು.

ವೇದಿಕೆಯ ಮೇಲಿನ ಗಾಯಕಿಯ ದನಿ ನಿಂತಿತು, ಬಾಯಿ ತೆರೆದೇ ಇತ್ತು. ಎಲೆಕ್ಟ್ರಿಕ್ ಡ್ರಮ್ಮಿನ ರಬ್ಬರಿನ ಮೇಲೆ ಕೋಲು ಟಪಟಪ ಎಂದದ್ದಷ್ಟೇ. ಆ ಖಾಲಿಯಲ್ಲಿ ಅತ್ತೆಯ ಒಡಕು ದನಿ, ಅರ್ಧ ತಾಳ ಹಿಂದೆ, ಶ್ರುತಿಯ ಹಂಗಿಲ್ಲದೆ, ಸಾಗುತ್ತಲೇ ಇತ್ತು. ಪಾಪ, ಅವಳಿಗೆ ಏನಾಯಿತೆಂದೇ ಗೊತ್ತಿಲ್ಲ. ಟೀಚರಮ್ಮ ಜೊತೆಗೂಡಿದರು. ಬಾಗಿಲ ಬಳಿಯಿಂದ ಒಂದು ಗಡಸು ದನಿ ಎದ್ದಿತು. ಮತ್ತೆ ಎಡಗಡೆ, ಬಲಗಡೆ, ಮಕ್ಕಳು, ಮುದುಕರು!

ಕಾರ್ಯದರ್ಶಿ ಏದುಸಿರು ಬಿಡುತ್ತ ಮೇಜಿಗೆ ಬಂದರು. "ಏನಮ್ಮಾ ಆಯ್ತು? ಏರಿಸು! ಏನೂ ಕೇಳಿಸ್ತಿಲ್ಲ!"

"ಏನೂ ಕೇಳಿಸ್ತಿಲ್ವಾ ಅಣ್ಣಾ?" ಎಂದಳು. ಗುಂಡಿಗಳ ಮೇಲೆ ಎರಡೂ ಅಂಗೈ ಹರಡಿ ನಿಂತಿದ್ದಳು.

ಅವರು ತಿರುಗಿ ಸುತ್ತ ನೋಡಿದರು. ಮೂರನೆಯ ಚರಣಕ್ಕೆ ಅವರ ತುಟಿಯೂ ಅಲುಗತೊಡಗಿತು.

ಪೆಟ್ಟಿಗೆ ಎತ್ತುವ ಹೊತ್ತಾಗಿತ್ತು, ಹಾಡು ಮಾತ್ರ ನಿಲ್ಲಲಿಲ್ಲ. ಬೇಕರಿಯವನು ಕೋಲುಗಳನ್ನು ಬಿಟ್ಟು ವೇದಿಕೆಯಿಂದ ಧುಮುಕಿ ಪೆಟ್ಟಿಗೆಯ ಒಂದು ಮೂಲೆಗೆ ಕೈ ಕೊಟ್ಟ. ಎದುರು ಮೂಲೆ ಹಿಡಿದವರು ಕಾರ್ಯದರ್ಶಿ. ಇಬ್ಬರೂ ಬಗ್ಗಿದರು, ಎತ್ತಿದರು. ಅಪ್ಪನ ಮೇಲಿಂದ ಒಬ್ಬರ ಮುಖ ಒಬ್ಬರು ನೋಡುತ್ತ, ಗಂಟಲು ಬಿಚ್ಚಿ ಹಾಡುತ್ತ, ಬಾಗಿಲ ಕಡೆಗೆ ಅಡ್ಡಡ್ಡ ಹೆಜ್ಜೆ ಹಾಕಿದರು.